ಓಲೆಗರಿಗಳ ಛಾಯಾಗ್ರಹಣಕ್ಕೆ ತಕ್ಕ ಕ್ಯಾಮೆರಾ

ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ಹಸ್ತಪ್ರತಿಯೇ ಪ್ರಮಾಣವೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯವಷ್ಟೆ. ಕೌಟಿಲ್ಯನ ಅರ್ಥಶಾಸ್ತ್ರವು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಪ್ರತಿಯ ಆಧಾರದಿಂದಲೇ ಆರ್. ಶಾಮಶಾಸ್ತ್ರಿಗಳ ಮೂಲಕ 1909ರಲ್ಲಿ ಅಚ್ಚಾಗಿ ಹೊರಬಂದಿತು. ಇಂತಹ ಗರಿಗಳಾದರೋ ಹುಳು, ತೇವ, ಕೈಯ ಸವೆತ ಇವುಗಳಿಂದ ಕಾಲಕ್ರಮದಲ್ಲಿ ಶಿಥಿಲವಾಗತಕ್ಕವು. ಗರಿಯು ನಶಿಸಿದ ಬಳಿಕ ಅದರ ಛಾಯಾಚಿತ್ರವೊಂದೇ ಸಾಕ್ಷಿಯಾಗಿ ಉಳಿಯುವ ಸಂಭವವುಂಟು. ಆದಕಾರಣ ಭಾಂಡಾರಕ್ಕೆ ಡಿಜಿಟಲ್ ಕ್ಯಾಮೆರಾವನ್ನು ಆರಿಸುವುದು ಬರಿಯ ಕ್ರಯವಿಕ್ರಯದ ಮಾತಲ್ಲ. ಪಾಠಶುದ್ಧಿಯ ವಿಚಾರವೂ ಹೌದು.

ಮೆಗಾಪಿಕ್ಸೆಲ್ಲುಗಳು ಹೆಚ್ಚಿದಷ್ಟೂ ಕ್ಯಾಮೆರಾ ಉತ್ತಮವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ವಿಚಾರಿಸಿ ನೋಡಿದರೆ, ಗರಿಯ ಒಂದೊಂದು ಅಂಗುಲಕ್ಕೆ ಎಷ್ಟು ಪಿಕ್ಸೆಲ್, ಎಂದರೆ ಚಿತ್ರಬಿಂದು, ದೊರೆಯುವುದೆಂಬುದೇ ಮುಖ್ಯ. 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾದ ಚಿತ್ರದಲ್ಲಿ ಸುಮಾರು 6000 ಬಿಂದುಗಳ ಅಗಲವೂ 4000 ಬಿಂದುಗಳ ಎತ್ತರವೂ ಇರುವುವು. 24 ಅಂಗುಲ ಉದ್ದದ ಗರಿಯನ್ನು ಒಮ್ಮೆಗೇ ತೆಗೆದರೆ ಅಂಗುಲಕ್ಕೆ 250 ಬಿಂದುಗಳು. ಒಂದು ಬಿಂದುವಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಈ ಲೆಕ್ಕದಂತೆ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ದಪ್ಪದ ಗೀಟಿಗೆ ಎರಡೇ ಬಿಂದುಗಳು ಸಲ್ಲುವುವು. ದಕಾರಕ್ಕೂ ಧಕಾರಕ್ಕೂ ಇರುವ ಭೇದವು ಒಂದು ಕಿರಿಗೀಟಿನಷ್ಟೇ ಆಗಿರುವುದರಿಂದ ಆ ಗೀಟು ಮಸುಳಿದರೆ ‘ಧನ’ವು ‘ದನ’ವಾಗುವುದು. ಅದೇ ಗರಿಯನ್ನು, ನಡುವೆ ಕೆಲವು ಅಕ್ಷರಗಳು ಎರಡರಲ್ಲಿಯೂ ಬರುವಂತೆ, 13 ಅಂಗುಲದ ಎರಡು ಭಾಗಗಳಾಗಿ ತೆಗೆದರೆ ಅಂಗುಲಕ್ಕೆ 460ರಷ್ಟು ಬಿಂದುಗಳು ದೊರೆಯುವುವು. ಹೀಗಿರಲು ಅಧಿಕ ಬೆಲೆಯ ಯಂತ್ರಕ್ಕಿಂತ ಗರಿಯ ಅಳತೆಯನ್ನರಿತ ಕ್ರಮವೇ ಮೇಲು.

ಎರಡನೆಯದು ಮಸೂರ. ವಿಶಾಲಕೋನದ ಮಸೂರವು ಸರಳರೇಖೆಯನ್ನು ಬಾಗಿಸಿ ಅಂಚಿನ ಅಕ್ಷರಗಳನ್ನು ಎಳೆದಂತೆ ತೋರಿಸುವುದು. 50ರಿಂದ 100 ಮಿಲಿಮೀಟರ್ ನಾಭ್ಯಂತರದ ಮ್ಯಾಕ್ರೋ ಮಸೂರವು ಈ ಕಾರ್ಯಕ್ಕೆ ಯೋಗ್ಯವಾದುದು. ಮೊಬೈಲ್ ಫೋನುಗಳ ಕ್ಯಾಮೆರಾದಲ್ಲಿ ಬೇರೊಂದು ದೋಷವಿದೆ. ಅವು ಚಿತ್ರವನ್ನು ತಾವಾಗಿಯೇ ತಿದ್ದಿ ತೀಕ್ಷ್ಣಗೊಳಿಸುವುದರಿಂದ ಗರಿಯ ನಾರು ಗೀಟಿನಂತೆಯೂ ಸಣ್ಣ ಗೀಟು ಕಲೆಯಂತೆಯೂ ತೋರಬಹುದು. ಮೂಲವನ್ನು ಸ್ವಬುದ್ಧಿಯಿಂದ ತಿದ್ದುವ ಲಿಪಿಕಾರನ ಪ್ರತಿಯನ್ನು ಸಂಪಾದಕನು ಹೇಗೆ ಶಂಕಿಸುವನೋ ಇದನ್ನೂ ಹಾಗೆಯೇ ಶಂಕಿಸತಕ್ಕದ್ದು. ಆದುದರಿಂದ ತಿದ್ದದ ‘ರಾ’ ಕಡತವನ್ನು ಉಳಿಸಿಕೊಡುವ ಕ್ಯಾಮೆರಾವನ್ನೇ ಆರಿಸಬೇಕು.

ಮೂರನೆಯದಾಗಿ, ಬೆಳಕಿನ ಪ್ರಮಾಣವನ್ನು ಕೈಯಿಂದ ನಿಯಮಿಸುವ ಅನುಕೂಲವಿರಬೇಕು. ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದ ನಮ್ಮ ಹಳೆಯ ಕಡತಗಳೇ ಇದಕ್ಕೆ ನಿದರ್ಶನ. ಸ್ವಯಂಚಾಲಿತ ಕ್ಯಾಮೆರಾವು ಕಪ್ಪನ್ನು ಬೂದಿಯ ಬಣ್ಣಕ್ಕೆ ತರಲೆಳಸಿ ಹೆಚ್ಚು ಬೆಳಕನ್ನು ಒಳಗೊಳ್ಳುವುದರಿಂದ ಬಿಳಿಯ ಅಕ್ಷರಗಳ ಅಂಚು ಕರಗಿಹೋಗುವುದು. ಮಸಿ ತುಂಬದೆ ಕಂಟದಿಂದ ಕೊರೆದ ಮಾತ್ರವೇ ಇರುವ ಗರಿಗೆ ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬೀಳಬೇಕು. ಆಗ ಕೊರೆತದಲ್ಲಿ ನೆರಳು ನಿಂತು ಅಕ್ಷರವು ಸ್ಫುಟವಾಗುವುದು. ಮಸಿ ತುಂಬಿದ ಗರಿಗೆ ಎರಡು ಪಕ್ಕಗಳಿಂದ ಸಮವಾದ ಬೆಳಕು ಸಾಕು. ಕ್ಯಾಮೆರಾವನ್ನು ಅಲುಗದ ಕಂಬಕ್ಕೆ ಬಿಗಿದು, ಗರಿಗೆ ನೇರವಾಗಿ ನಿಲ್ಲಿಸಿ, ಮುಟ್ಟದೆ ಚಿತ್ರ ತೆಗೆಯುವ ಸಾಧನವಿರಬೇಕು. ಗರಿಯ ಪಕ್ಕದಲ್ಲಿ ಅಳತೆಯ ಪಟ್ಟಿಯನ್ನೂ ವರ್ಣಫಲಕವನ್ನೂ ಇರಿಸುವುದು ಅಗತ್ಯ.

ಕೊಳ್ಳುವುದಕ್ಕೆ ಮುನ್ನ ಮಾಡತಕ್ಕ ಪರೀಕ್ಷೆ ಒಂದುಂಟು. ಭಾಂಡಾರದಲ್ಲಿನ ಅತ್ಯಂತ ಸವೆದ ಗರಿಯನ್ನು ಆ ಕ್ಯಾಮೆರಾದಿಂದ ತೆಗೆಯಿಸಿ, ಮೂಲವನ್ನು ಕಾಣದ ಲಿಪಿಜ್ಞನೊಬ್ಬನಿಂದ ಚಿತ್ರವನ್ನು ಮಾತ್ರ ಓದಿಸಿ, ಆ ಪಾಠವನ್ನು ಗರಿಯೊಡನೆ ತಾಳೆನೋಡಬೇಕು. ಮೂಲದಲ್ಲಿ ಓದಬರುವ ಅಕ್ಷರವೆಲ್ಲ ಚಿತ್ರದಲ್ಲಿಯೂ ಓದಬಂದು, ಇಲ್ಲದ ಅಕ್ಷರವೊಂದೂ ಅಲ್ಲಿ ತೋರದಿದ್ದರೆ ಆ ಕ್ಯಾಮೆರಾವು ಗ್ರಾಹ್ಯ. ಇಲ್ಲವಾದರೆ ಅದರ ಬೆಲೆಯೂ ಖ್ಯಾತಿಯೂ ಎಷ್ಟಿದ್ದರೂ ತ್ಯಾಜ್ಯ.