ಸ್ಟೋರ್ ತುಂಬಿದ್ದರೆ ಯಂತ್ರ ನಿಲ್ಲುವುದಿಲ್ಲವೇ?

ಬಿಡಿಭಾಗ ಹೆಚ್ಚು ಕೂಡಿಟ್ಟಷ್ಟೂ ಕಾರ್ಖಾನೆ ಭದ್ರ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಒಂದೇ ಬಗೆಯ 10 ಪಂಪುಗಳಿವೆ, ಪ್ರತಿಯೊಂದರ ಸೀಲ್ ಸರಾಸರಿ 5 ವರ್ಷಕ್ಕೊಮ್ಮೆ ಕೆಡುತ್ತದೆ, ಹೊಸದು ಬರಲು 3 ತಿಂಗಳು ಬೇಕು ಎಂದಿಟ್ಟುಕೊಳ್ಳಿ. ಆ 3 ತಿಂಗಳಲ್ಲಿ ಕೆಡುವುದು ಸರಾಸರಿ ಅರ್ಧ ಸೀಲ್. ಸಂಭವನೀಯತೆಯ ಪ್ವಾಸಾನ್ ಸೂತ್ರದ ಪ್ರಕಾರ, ಸ್ಟೋರಿನಲ್ಲಿ ಒಂದು ಸೀಲ್ ಇದ್ದರೆ ಆ ಅವಧಿಯನ್ನು ಕೊರತೆಯಿಲ್ಲದೆ ದಾಟುವ ಸಾಧ್ಯತೆ ಶೇ. 91, ಎರಡಿದ್ದರೆ ಸುಮಾರು 98.6, ಮೂರಿದ್ದರೆ 99.8. ಮೂರನೆಯದಕ್ಕೆ ಕೊಡುವ ಹಣವೂ ಮೊದಲನೆಯದರಷ್ಟೇ, ಸಿಗುವ ಭದ್ರತೆ ಮಾತ್ರ ಎಳ್ಳಷ್ಟು. ಅದೇ ತರಿಸಿಕೊಳ್ಳುವ ಕಾಲವನ್ನು ಒಂದೂವರೆ ತಿಂಗಳಿಗೆ ಇಳಿಸಿದರೆ ಒಂದೇ ಸೀಲ್ ಶೇ. 97ರಷ್ಟು ಭದ್ರತೆ ಕೊಡುತ್ತದೆ. ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ಬರುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಹಾಗಾಗಿಯೇ ಗುಜರಾತಿನ ಎಲ್ಲ ಊರುಗಳಿಗೂ ಒಂದೇ ನಿಯಮ ಹೊಂದುವುದಿಲ್ಲ. ಸೂರತ್ ಮಗ್ಗಗಳ ಊರು. ಲಾಳಿ, ಪಿಕರ್‌ಗಳು ಊರ ಪೇಟೆಯಲ್ಲೇ ಸಿಗುವಾಗ ಪೆಟ್ಟಿಗೆಗಟ್ಟಲೆ ಇಡುವುದು ದುಡ್ಡನ್ನು ಕಟ್ಟಿಹಾಕಿದಂತೆ. ವಡೋದರಾ ಪಕ್ಕದ ಕೋಯಲಿಯಲ್ಲಿ 1965ರಿಂದ ತೈಲ ಸಂಸ್ಕರಣಾಗಾರ ನಡೆಯುತ್ತಿದೆ. ಅಂಥ ಕಡೆ ದೊಡ್ಡ ಕಂಪ್ರೆಸರಿನ ರೋಟರ್ ಅಂಗಡಿಯ ಸರಕಲ್ಲ, ಹೇಳಿ ಮಾಡಿಸಬೇಕು. ಹತ್ತಾರು ವರ್ಷ ಬಳಕೆಯಾಗದಿದ್ದರೂ ಒಂದನ್ನು ಇಟ್ಟಿರಲೇಬೇಕು. ಬೆಲೆ ನೋಡಿ ಮಹತ್ವ ಅಳೆಯುವುದೂ ತಪ್ಪೇ. ಅಹಮದಾಬಾದಿನ ವಟವಾದ ಬಣ್ಣ-ರಸಾಯನ ಘಟಕದಲ್ಲಿ ಅಗ್ಗದ ಒಂದು ಆಯಿಲ್ ಸೀಲ್ ಸೋರಿದರೂ ರಿಯಾಕ್ಟರಿನ ಗೇರ್‌ಬಾಕ್ಸ್ ನಿಲ್ಲಿಸಬೇಕಾದೀತು.

‘ಕಬ್ಬಿಣವೇನು ಕೊಳೆಯುತ್ತದೆಯೇ, ಇದ್ದರೆ ಇರಲಿ’ ಎನ್ನುವವರಿದ್ದಾರೆ. ಕೆಡುತ್ತದೆ. ಗುಜರಾತಿನ ಬೇಸಿಗೆಗೆ ರಬ್ಬರ್ ಸೀಲ್ ಗಡುಸಾಗಿ ಬಿರಿಯುತ್ತದೆ. ಅದುರುವ ನೆಲದ ಮೇಲಿಟ್ಟ ಬೇರಿಂಗಿನ ಹಾದಿಯಲ್ಲಿ, ಗುಂಡುಗಳು ಕೂತ ಅಂತರಕ್ಕೆ ಸರಿಯಾಗಿ, ಸಣ್ಣ ಸಣ್ಣ ತಗ್ಗುಗಳು ಮೂಡುತ್ತವೆ. ಜೋಡಿಸಿದ ದಿನವೇ ಅದು ಸದ್ದು ಮಾಡೀತು. ವರ್ಷಗಟ್ಟಲೆ ಇಟ್ಟ ಮೋಟರಿನ ಶಾಫ್ಟನ್ನು ಆಗಾಗ ತಿರುಗಿಸಿಡಬೇಕು. ಇಷ್ಟು ಆರೈಕೆಗೆ ಆಳಿಲ್ಲದ ಸ್ಟೋರ್ ಹೆಚ್ಚು ಸಾಮಾನು ಕೊಳ್ಳದಿರುವುದೇ ಮೇಲು.

‘ಆದರೂ ಬೇಕಾದಾಗ ಸಿಗದೆ ಒದ್ದಾಡುತ್ತೇವಲ್ಲ?’ ಎಂಬ ಸಂಕಟ ನಿಜ. ಆದರೆ ಎಷ್ಟೋ ಸಲ ವಸ್ತು ಒಳಗೇ ಇರುತ್ತದೆ, ಹೆಸರು ಬೇರೆ. 6205 ಬೇರಿಂಗನ್ನು ಪಂಪಿನವರು ಒಂದು ನಂಬರಿನಲ್ಲಿ, ಬ್ಲೋವರಿನವರು ಇನ್ನೊಂದರಲ್ಲಿ ಮಾರುತ್ತಾರೆ. ರಿಜಿಸ್ಟರಿನಲ್ಲಿ ಅವು ಎರಡು ವಸ್ತು. ಕೊನೆಯ 05ನ್ನು 5ರಿಂದ ಗುಣಿಸಿದರೆ 25 ಮಿ.ಮೀ. ಒಳವ್ಯಾಸ ಎಂದು ಸಂಖ್ಯೆಯೇ ಹೇಳುತ್ತದೆ. ಬೇರಿಂಗಿನ ಮೇಲೆ ಕೆತ್ತಿದ ಈ ಸಂಖ್ಯೆಯನ್ನು ಅದರ ಬಾಲದೊಂದಿಗೆ ಬರೆದಿಡಬೇಕು: ‘ಸಿ3’ ಎಂದಿದ್ದರೆ ಒಳಗಿನ ಸಡಿಲ ಹೆಚ್ಚು, ಬಿಸಿಯಾಗುವ ಮೋಟರಿಗೆ ಬೇಕಾದದ್ದು ಸಾಮಾನ್ಯವಾಗಿ ಅದೇ.