ಮೈಲೇಜ್ ಅಂಕಿ ಹುಟ್ಟಿದ ಮನೆ

ಬೆಂಗಳೂರಿನಿಂದ ಹಾಸನಕ್ಕೆ ರಸ್ತೆಯಲ್ಲಿ ಸುಮಾರು 185 ಕಿ.ಮೀ. ನೆಲಮಂಗಲ ದಾಟಿದರೆ ಕುಣಿಗಲ್, ಎಡೆಯೂರು, ಹಿರೀಸಾವೆ, ಚನ್ನರಾಯಪಟ್ಟಣ; ಎಲ್ಲವೂ ರಾಷ್ಟ್ರೀಯ ಹೆದ್ದಾರಿ 75ರ ಊರುಗಳೇ. ಈ ದಾರಿಯಲ್ಲಿ ಕಾರುಗಳು ಗಂಟೆಗೆ 80ರಿಂದ 100 ಕಿ.ಮೀ. ವೇಗದಲ್ಲಿ, ಎಸಿ ಹಾಕಿಕೊಂಡು, ಮನೆಮಂದಿಯ ಜೊತೆಗೆ ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲವನ್ನೂ ಹೊತ್ತು ಓಡುತ್ತವೆ. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಮಾರುಕಟ್ಟೆಗೆ ಬಂದಾಗ ಅದರ ಒಂದು ಚಾರ್ಜಿನ ಓಟ 312 ಕಿ.ಮೀ. ಎಂದು ಪ್ರಕಟವಾಗಿತ್ತು. ಆ ಲೆಕ್ಕದಲ್ಲಿ ಬೆಂಗಳೂರಿನಿಂದ ಹಾಸನ ಸೇರಿ, ಅಲ್ಲಿಂದ ಹೊಳೆನರಸೀಪುರಕ್ಕೆ ಹೋಗಿ ಬಂದರೂ ಚಾರ್ಜ್ ಮಿಗಬೇಕು.

ಆದರೆ ಹೆದ್ದಾರಿಯ ವೇಗದಲ್ಲಿ ಆ ಲೆಕ್ಕ ಕೂಡುವುದಿಲ್ಲ. ಹಾಗೆಂದು 312 ಎಂಬುದು ಯಾರೋ ಕೂತು ಕಟ್ಟಿದ ಸುಳ್ಳೂ ಅಲ್ಲ. ಅದು ಸರ್ಕಾರ ಒಪ್ಪಿದ ಪರೀಕ್ಷೆಯಲ್ಲಿ ಬಂದ ಅಂಕಿ. ತಕರಾರು ಇರುವುದು ಆ ಪರೀಕ್ಷೆಯ ಹುಟ್ಟಿನಲ್ಲೇ.

ಹೊಗೆ ಅಳೆಯಲು ಬಂದದ್ದು

ನಮ್ಮ ದೇಶದ ವಾಹನಗಳ ಪರೀಕ್ಷೆಯ ಮುಖ್ಯ ಕೇಂದ್ರಗಳಲ್ಲಿ ಪುಣೆಯ ಎಆರ್‌ಎಐ ಒಂದು. 1966ರಲ್ಲಿ ಆರಂಭವಾದ ಸಂಸ್ಥೆ ಅದು. 1991ರಲ್ಲಿ ಪೆಟ್ರೋಲ್ ಕಾರುಗಳ ಹೊಗೆಗೆ ಮಿತಿ ಹಾಕಿದಾಗ, ಎಲ್ಲ ಕಾರುಗಳನ್ನೂ ಒಂದೇ ಬಗೆಯಲ್ಲಿ ಓಡಿಸಿ ಅಳೆಯುವ ಕ್ರಮ ಬೇಕಾಯಿತು. ಹಾಗೆ ಬಳಕೆಗೆ ಬಂದದ್ದು ‘ಇಂಡಿಯನ್ ಡ್ರೈವಿಂಗ್ ಸೈಕಲ್’. ಅದರಲ್ಲಿ 108 ಸೆಕೆಂಡಿನ ಒಂದೇ ಓಟವನ್ನು ಮತ್ತೆ ಮತ್ತೆ ಓಡಿಸುತ್ತಾರೆ. ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ 22ರ ಆಸುಪಾಸು. ಅಂದಿನ ಪೇಟೆಯ ದಟ್ಟಣೆಗೆ ಅದು ಸರಿಯಾಗಿತ್ತು.

ಮುಂದೆ ಯುರೋಪಿನ ಮಾದರಿಯನ್ನು ತುಸು ಬದಲಿಸಿಕೊಂಡು ‘ಎಂಐಡಿಸಿ’ (ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್) ಬಂತು. ಇದರ ಒಟ್ಟು ಅವಧಿ 1,180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷವೂ ತುಂಬದು. ಮೊದಲ ಭಾಗ ಪೇಟೆಯ ಓಟ. ವೇಗ 50 ಕಿ.ಮೀ. ಮೀರುವುದಿಲ್ಲ. ಎರಡನೆಯದು ಊರಾಚೆಯ ಓಟ. ಯುರೋಪಿನಲ್ಲಿ 120 ಇದ್ದ ಗರಿಷ್ಠ ವೇಗವನ್ನು ನಮ್ಮಲ್ಲಿ 90ಕ್ಕೆ ಇಳಿಸಲಾಯಿತು. ಇದೆಲ್ಲ ನಡೆಯುವುದು ಕೋಣೆಯೊಳಗೆ, ಉರುಳೆಗಳ ಮೇಲೆ. ಚಕ್ರ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಎಸಿ ಹಾಕುವುದಿಲ್ಲ, ಏರು, ಗುಂಡಿ, ಎದುರುಗಾಳಿ ಯಾವುದೂ ಇರುವುದಿಲ್ಲ.

ಎರಡು ಕಾರುಗಳನ್ನು ಹೋಲಿಸಲು ಇಂಥ ಪರೀಕ್ಷೆ ನ್ಯಾಯವಾದದ್ದೇ. ಎಲ್ಲ ಕಾರಿಗೂ ಒಂದೇ ಅಳತೆಗೋಲು ಬೇಕಲ್ಲ. 2009ರಲ್ಲಿ ಕಾರು ತಯಾರಕರ ಒಕ್ಕೂಟ ತಾನಾಗಿ ಇಂಧನ ಲೆಕ್ಕವನ್ನು ಗ್ರಾಹಕರ ಮುಂದಿಡಲು ಒಪ್ಪಿತು. ಹೊಗೆ ಅಳೆಯಲು ಹುಟ್ಟಿದ ಅಂಕಿ ಕ್ರಮೇಣ ಜಾಹೀರಾತಿನ ತಲೆಬರಹಕ್ಕೆ ಏರಿತು. ‘ಲೀಟರಿಗೆ ಎಷ್ಟು ಕೊಡುತ್ತೆ?’ ಎಂದು ಮೊದಲು ಕೇಳುವ ನಾಡಿನಲ್ಲಿ ಅದಕ್ಕೆ ಬೇರೆ ದಾರಿಯೂ ಇರಲಿಲ್ಲ. ಹೋಲಿಕೆಗೆಂದು ಇದ್ದದ್ದನ್ನು ಕೊಳ್ಳುವವರು ಭರವಸೆಯೆಂದು ಓದಿಕೊಂಡರು. ಮಾರುವವರು ತಿದ್ದುವ ಗೋಜಿಗೆ ಹೋಗಲಿಲ್ಲ.

ರೇವಾದಿಂದ ಬಿಡದಿಯವರೆಗೆ

ಬ್ಯಾಟರಿ ಕಾರಿನ ಮಟ್ಟಿಗೆ ಈ ಕಥೆ ನಮ್ಮ ರಾಜ್ಯದಲ್ಲೇ ಶುರುವಾಗುತ್ತದೆ. ಚೇತನ್ ಮೈನಿ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ 2001ರಲ್ಲಿ ರಸ್ತೆಗಿಳಿಯಿತು. ಸೀಸದ ಬ್ಯಾಟರಿಯ ಈ ಪುಟ್ಟ ಕಾರು ಒಂದು ಚಾರ್ಜಿಗೆ ಹೇಳಿಕೊಂಡದ್ದು 80 ಕಿ.ಮೀ. ಹಾಸನದ ಮಾತಿರಲಿ, ಬೆಂಗಳೂರಿನಿಂದ ಹೊರಟರೆ ಎಡೆಯೂರಿನ ದರ್ಶನವೂ ಅನುಮಾನ. ಆದರೆ ಅದನ್ನು ಮಾರಿದ್ದೇ ಪೇಟೆಯ ಓಡಾಟಕ್ಕೆ. ಹೇಳಿಕೆಗೂ ಬಳಕೆಗೂ ನಡುವಿನ ಅಂತರ ಅಷ್ಟಾಗಿ ಕಣ್ಣಿಗೆ ಬೀಳಲಿಲ್ಲ. 2010ರಲ್ಲಿ ಮಹೀಂದ್ರಾ ಕಂಪನಿ ರೇವಾದ ಬಹುಪಾಲು ಷೇರು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂದು, ಹೇಳಿಕೆ 100 ಕಿ.ಮೀ.ಗೆ ಏರಿತು.

ಹೈಬ್ರಿಡ್ ಎಂಬ ಹೆಸರು ಇನ್ನೂ ಸಡಿಲವಾಗಿ ಬಳಕೆಯಾಯಿತು. 2015ರಲ್ಲಿ ಮಾರುತಿ ಸಿಯಾಜ್ ಡೀಸೆಲ್ ಕಾರು ‘ಎಸ್‌ಎಚ್‌ವಿಎಸ್’ (ಸ್ಮಾರ್ಟ್ ಹೈಬ್ರಿಡ್ ವೆಹಿಕಲ್ ಬೈ ಸುಜುಕಿ) ಪಟ್ಟಿಯೊಂದಿಗೆ, ಲೀಟರಿಗೆ 28.09 ಕಿ.ಮೀ. ಎಂಬ ಅಂಕಿಯೊಂದಿಗೆ ಬಂತು. ಅದರ ಪುಟ್ಟ ಮೋಟಾರ್ ಎಂಜಿನ್ನಿಗೆ ಒಂದಿಷ್ಟು ಒತ್ತಾಸೆ ಕೊಡುತ್ತಿತ್ತೇ ಹೊರತು ಬರೀ ಕರೆಂಟಿನಲ್ಲಿ ಕಾರನ್ನು ಒಂದು ಮಾರೂ ಎಳೆಯುತ್ತಿರಲಿಲ್ಲ. ಆದರೂ ಎಲೆಕ್ಟ್ರಿಕ್ ವಾಹನಗಳಿಗೆಂದು ಇದ್ದ ಕೇಂದ್ರದ ಫೇಮ್ ಯೋಜನೆಯ ಸಬ್ಸಿಡಿ ಅದಕ್ಕೂ ಸಿಕ್ಕಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಇಂಥ ‘ಮೈಲ್ಡ್ ಹೈಬ್ರಿಡ್’ಗಳನ್ನು ಪಟ್ಟಿಯಿಂದ ತೆಗೆಯಿತು.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುವುದು ‘ಸ್ಟ್ರಾಂಗ್ ಹೈಬ್ರಿಡ್’. ಇವು ಬರೀ ಮೋಟಾರಿನಲ್ಲೂ ಓಡಬಲ್ಲವು. ಹೈರೈಡರ್ ಲೀಟರಿಗೆ 27.97, ಇನ್ನೋವಾ ಹೈಕ್ರಾಸ್ 23.24 ಕಿ.ಮೀ. ಎಂದು ಪ್ರಮಾಣಪತ್ರ ಪಡೆದಿವೆ. ಹೈರೈಡರ್ ದೂರದ ಶೇ 40ರಷ್ಟನ್ನು, ಸಮಯದ ಶೇ 60ರಷ್ಟನ್ನು ಎಂಜಿನ್ ಇಲ್ಲದೆ ಓಡುತ್ತದೆ ಎಂದೂ ಕಂಪನಿ ಹೇಳಿತು. ಇಲ್ಲಿ ತಡೆದು ಓದಬೇಕು. ಸಿಗ್ನಲ್ಲಿನಲ್ಲಿ ನಿಂತ ಹೊತ್ತು, ದಟ್ಟಣೆಯಲ್ಲಿ ತೆವಳಿದ ಹೊತ್ತು ಎಲ್ಲವೂ ‘ಸಮಯ’ಕ್ಕೆ ಜಮಾ ಆಗುತ್ತದೆ, ‘ದೂರ’ಕ್ಕಲ್ಲ. ಗೊರೂರಿನ ಮೇಲೆ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ ಅಂಥ ಹೊತ್ತು ಎಷ್ಟು ಸಿಕ್ಕೀತು? ‘ತಾನೇ ಚಾರ್ಜ್ ಆಗುವ ಕಾರು’ ಎಂಬ ಮಾತೂ ಹಾಗೆಯೇ. ಆ ಚಾರ್ಜು ಹುಟ್ಟುವುದು ನಾವು ಕೊಂಡ ಪೆಟ್ರೋಲಿನಿಂದಲೇ. 2020ರಲ್ಲಿ ನಾರ್ವೆಯ ಗ್ರಾಹಕ ಪ್ರಾಧಿಕಾರ ಲೆಕ್ಸಸ್‌ನ ಇಂಥದೇ ಜಾಹೀರಾತನ್ನು ದಾರಿ ತಪ್ಪಿಸುವಂಥದ್ದು ಎಂದು ಹೇಳಿತ್ತು.

ಅನುಮಾನ ಪಟ್ಟವರು

ಕೋಣೆಯ ಪರೀಕ್ಷೆಯ ಮೇಲಿನ ನಂಬಿಕೆ ಜಗತ್ತಿನಾದ್ಯಂತ ಅಲುಗಾಡಿದ್ದು 2015ರ ಸೆಪ್ಟೆಂಬರ್‌ನಲ್ಲಿ. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಆಗಷ್ಟೇ ಹೊಗೆ ತಗ್ಗಿಸುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿತ್ತು. ಅದನ್ನು ಬಯಲಿಗೆ ತಂದದ್ದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡ. ಅದರಲ್ಲಿ ಬೆಂಗಳೂರಿನ ಎಂಜಿನಿಯರ್ ಹೇಮಂತ್ ಕಪ್ಪಣ್ಣ ಇದ್ದರು. ಅವರು ಮಾಡಿದ್ದು ಸರಳ ಕೆಲಸ: ಅಳೆಯುವ ಯಂತ್ರವನ್ನು ಕಾರಿನಲ್ಲೇ ಇಟ್ಟುಕೊಂಡು ರಸ್ತೆಯಲ್ಲಿ ಓಡಿಸಿದರು. ಯುರೋಪ್ 2017ರಿಂದ ಹೊಸ ಪರೀಕ್ಷಾ ಕ್ರಮಕ್ಕೆ ಹೊರಳಿತು. ನಮ್ಮಲ್ಲೂ 2023ರ ಏಪ್ರಿಲ್‌ನಿಂದ ಹೊಗೆಯನ್ನು ರಸ್ತೆಯಲ್ಲಿ ಅಳೆಯುವ ನಿಯಮ ಬಂತು. ಮೈಲೇಜ್ ಅಂಕಿ ಮಾತ್ರ ಉರುಳೆಗಳ ಮೇಲೆಯೇ ಉಳಿಯಿತು.

ಬ್ಯಾಟರಿ ಕಾರಿಗೆ ಈ ಅಂತರ ಯಾಕೆ ಹೆಚ್ಚು ನೋಯಿಸುತ್ತದೆ? ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಪೇಟೆಯಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಮೋಟಾರು ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಹೆದ್ದಾರಿಯಲ್ಲಿ ಬ್ರೇಕೇ ಒತ್ತದಿದ್ದರೆ ಹಿಂದಿರುಗುವುದೇನು? ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ ಹೆಚ್ಚು ಮೈಲೇಜ್ ಕೊಡುತ್ತದೆ ಎಂಬ ನಮ್ಮ ಹಳೆಯ ಅನುಭವ ಇಲ್ಲಿ ತಲೆಕೆಳಗು. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ ಚಾರ್ಜ್ ಕೂಡಬಹುದು. ಹತ್ತುವಾಗ ಅದಕ್ಕಿಂತ ಹೆಚ್ಚು ಕರಗುತ್ತದೆ.

2021ರ ಮಾರ್ಚ್‌ನಲ್ಲಿ ದೆಹಲಿ ಸರ್ಕಾರ, ಹೇಳಿದಷ್ಟು ದೂರ ಓಡುತ್ತಿಲ್ಲವೆಂಬ ದೂರುಗಳ ಮೇಲೆ ನೆಕ್ಸಾನ್ ಇವಿಯ ಸಬ್ಸಿಡಿ ತಡೆಯಿತು. ಕಂಪನಿ ಹೈಕೋರ್ಟಿಗೆ ಹೋಗಿ ಆ ಆದೇಶಕ್ಕೆ ತಡೆಯಾಜ್ಞೆ ತಂದಿತು. ಪ್ರಮಾಣಪತ್ರ ಅವರ ಬಳಿ ಇತ್ತಲ್ಲ. ಇತ್ತ 2022ರಲ್ಲಿ ಕೇರಳದ ತ್ರಿಶೂರ್ ಗ್ರಾಹಕ ಆಯೋಗ ಫೋರ್ಡ್‌ನ ಡೀಸೆಲ್ ಕಾರಿನ ಪ್ರಕರಣವೊಂದರಲ್ಲಿ ಬೇರೆಯೇ ತೀರ್ಪು ಕೊಟ್ಟಿತು. ಕೈಪಿಡಿಯಲ್ಲಿ ಲೀಟರಿಗೆ 32 ಕಿ.ಮೀ. ಇತ್ತು, ತಜ್ಞರು ಓಡಿಸಿ ನೋಡಿದಾಗ ಸಿಕ್ಕಿದ್ದು 19.6. ಮೂರು ಲಕ್ಷ ರೂಪಾಯಿಗೂ ಹೆಚ್ಚು ಪರಿಹಾರ ಕೊಡಲು ಆಯೋಗ ಆದೇಶಿಸಿತು. ಗೆಲ್ಲಿಸಿದ್ದು ಗ್ರಾಹಕರ ಸಿಟ್ಟಲ್ಲ, ರಸ್ತೆಯ ಮೇಲೆ ತೆಗೆದ ಅಳತೆ.

ಅಂಕಿ ಇಳಿದ ಬಗೆ

ಈ ಗೊಣಗಾಟ, ದೂರು, ಕೋರ್ಟುಗಳ ಕಾಲದಲ್ಲೇ ಕಂಪನಿಗಳ ಭಾಷೆಯೂ ಬದಲಾಯಿತು. ಸ್ಕೂಟರ್ ತಯಾರಿಸುವ ಬೆಂಗಳೂರಿನ ಏಥರ್ 2022ರಲ್ಲಿ ತನ್ನ 450ಎಕ್ಸ್‌ಗೆ ಪರೀಕ್ಷೆಯ 146 ಕಿ.ಮೀ. ಜೊತೆಗೆ ‘ಟ್ರೂ ರೇಂಜ್’ 105 ಎಂದೂ ಹೇಳಿತು. ಟಾಟಾ ‘ಸಿ75’ ಎಂಬ ಲೆಕ್ಕ ತಂದಿತು. ಗ್ರಾಹಕರಲ್ಲಿ ಶೇ 75ರಷ್ಟು ಮಂದಿಗೆ ಸಿಗಬಹುದಾದ ದೂರ ಅದು. ಅಲ್ಲಿಯವರೆಗೆ ಪೇಟೆಯ ಭಾಗವಷ್ಟೇ ಇದ್ದ ಇವಿ ಪರೀಕ್ಷೆಗೆ ಊರಾಚೆಯ ಭಾಗವೂ ಸೇರಿತು. ಪರಿಣಾಮವನ್ನು ಟಾಟಾ ಕರ್ವ್ ಇವಿಯಲ್ಲಿ ನೋಡಬಹುದು. ಅದೇ ಕಾರು, ಅದೇ 55 ಕಿಲೋವಾಟ್-ಅವರ್ ಬ್ಯಾಟರಿ. ಮೊದಲು ಹೇಳಿದ್ದು 585 ಕಿ.ಮೀ., ಎರಡೂ ಭಾಗ ಸೇರಿಸಿದಾಗ 502, ಸಿ75 ಲೆಕ್ಕದಲ್ಲಿ 400ರಿಂದ 425. ಕಾರಿನಲ್ಲಿ ಏನೂ ಬದಲಾಗಿಲ್ಲ, ಬದಲಾದದ್ದು ಅಳತೆ.

ಎಆರ್‌ಎಐ ಇರುವುದು ಕೇಂದ್ರದ ಭಾರಿ ಕೈಗಾರಿಕಾ ಸಚಿವಾಲಯದ ಆಶ್ರಯದಲ್ಲಿ. 2024ರ ಜೂನ್‌ನಲ್ಲಿ ಆ ಖಾತೆ ವಹಿಸಿಕೊಂಡ ಎಚ್.ಡಿ. ಕುಮಾರಸ್ವಾಮಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯವರು. ಅದೇ ವರ್ಷ ಬಂದ ₹10,900 ಕೋಟಿಯ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಖಾಸಗಿ ಕಾರುಗಳಿಗೆ ಸಬ್ಸಿಡಿ ಇಲ್ಲ. ಚಾರ್ಜಿಂಗ್ ಕೇಂದ್ರಗಳಿಗೆ ₹2,000 ಕೋಟಿ ಇದೆ. ಹೆದ್ದಾರಿ ಬಿಟ್ಟು ಒಳಗೆ ಸರಿದ ಅರಕಲಗೂಡು, ಹೊಳೆನರಸೀಪುರದಂಥ ಊರುಗಳಿಗೆ ಕೈಪಿಡಿಯ ಅಂಕಿಗಿಂತ ಮುಖ್ಯವಾದದ್ದು ಈ ಹಣ ಎಲ್ಲಿಯವರೆಗೆ ತಲುಪುತ್ತದೆ ಎಂಬುದೇ.

ಹಾಗಾದರೆ ಹಾಸನ ಸೀಮೆಯವರು ಇಂಥ ಕಾರು ಕೊಳ್ಳಬಾರದೇ? ದಿನಾ ಹಾಸನಕ್ಕೆ ಹೋಗಿ ಬರುವ ಅರಕಲಗೂಡಿನ ನೌಕರರಿಗೆ ಓಟ ಅರವತ್ತು ಕಿ.ಮೀ. ಆಸುಪಾಸು. ಮನೆಯಲ್ಲಿ ರಾತ್ರಿ ಚಾರ್ಜ್ ಹಾಕಿಕೊಳ್ಳುವವರಿಗೆ ಯಾವ ಅಂಕಿ ಸುಳ್ಳಾದರೂ ನಷ್ಟವಿಲ್ಲ. ವಾರವಾರ ಬೆಂಗಳೂರಿಗೆ ಓಡುವವರು ಮಾತ್ರ ಶೋರೂಮಿನಲ್ಲಿ ನಾಲ್ಕು ಮಾತು ಕೇಳಬೇಕು: ಈ ಅಂಕಿ ಪರೀಕ್ಷೆಯ ಯಾವ ಭಾಗದ್ದು? 90ರ ವೇಗದಲ್ಲಿ, ಎಸಿ ಹಾಕಿ, ಐವರು ಕೂತರೆ ಎಷ್ಟು? ಟೆಸ್ಟ್ ಡ್ರೈವನ್ನು ಪೇಟೆ ಸುತ್ತಿಸದೆ ಚನ್ನರಾಯಪಟ್ಟಣದವರೆಗೆ ಕೊಡುತ್ತೀರಾ? ಎಂಟು ವರ್ಷ, 1.6 ಲಕ್ಷ ಕಿ.ಮೀ. ವಾರಂಟಿಯೆಂದರೆ ಬ್ಯಾಟರಿ ಎಷ್ಟು ಸೊರಗಿದರೆ ಬದಲಿಸಿಕೊಡುತ್ತೀರಿ? ಕೊನೆಯ ಪ್ರಶ್ನೆಯ ಉತ್ತರವನ್ನು ಬರಹದಲ್ಲೇ ಪಡೆಯಬೇಕು. ರೇಂಜ್ ಕಡಿಮೆಯಾದರೆ ಕಂಪನಿ ಪ್ರಮಾಣಪತ್ರ ತೋರಿಸಿ ಪಾರಾಗಬಹುದು; ತಾನೇ ಬರೆದುಕೊಟ್ಟ ವಾರಂಟಿಯಿಂದ ಪಾರಾಗುವುದು ಅಷ್ಟು ಸುಲಭವಲ್ಲ.