ಶುಕ್ರವಾರದಿಂದ ಭಾನುವಾರಕ್ಕೆ ಮೂರು ದಿನ ಹೇಗೆ?



ನಾನು ದೇವಶಾಸ್ತ್ರ ಓದಿದವನಲ್ಲ, ಲೆಕ್ಕಪತ್ರ ನೋಡುವ ಚಾರ್ಟರ್ಡ್ ಅಕೌಂಟೆಂಟ್. ಆದರೂ ಈ ವಿಷಯ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಈಸ್ಟರ್ ಹತ್ತಿರ ಬಂದಾಗ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ, ಯೇಸು ಸತ್ತದ್ದು ಶುಕ್ರವಾರವೇ ಅಲ್ಲ ಎನ್ನುವ ವಿಡಿಯೋಗಳು ಸುತ್ತುತ್ತವೆ. ಅಬುಧಾಬಿಯ ಮುಸಫ್ಫಾ ಕ್ಯಾಂಪಿನಲ್ಲಿರುವ ಒಬ್ಬ ವೆಲ್ಡರ್ ಹುಡುಗ ಫೋನ್ ಮಾಡಿ ಕೇಳಿದ: "ಅಣ್ಣಾ, ನೀವು ಲೆಕ್ಕದವರು. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಸತ್ತು ಭಾನುವಾರ ಬೆಳಗ್ಗೆ ಎದ್ದರೆ ನಲವತ್ತು ಗಂಟೆಯೂ ಆಗೋದಿಲ್ಲ. ಮೂರು ದಿನ ಹೇಗೆ? ಇದೇ ಸುಳ್ಳಾದರೆ ಉಳಿದದ್ದನ್ನ ಹೇಗೆ ನಂಬೋದು?" ಊರು ಬಿಟ್ಟು ಬಂದು ಪ್ರಾರ್ಥನೆಯನ್ನೇ ಆಸರೆ ಮಾಡಿಕೊಂಡವನ ಪ್ರಶ್ನೆ ಅದು. ಸುಮ್ಮನೆ ಸಮಾಧಾನ ಹೇಳಿ ಮುಗಿಸುವಂಥದ್ದಲ್ಲ.

ದಿನ ಎಣಿಸುವುದಕ್ಕೆ ಎರಡು ಕ್ರಮಗಳಿವೆ. ಒಂದನೇ ತಾರೀಖಿನಿಂದ ಮೂರನೇ ತಾರೀಖಿನವರೆಗೆ ರಜೆ ಹಾಕಿದರೆ ಆಫೀಸಿನಲ್ಲಿ ಮೂರು ದಿನ ಕಳೆಯುತ್ತಾರೆ. ಒಂದರಂದು ಇಟ್ಟ ಹಣವನ್ನು ಮೂರರಂದು ತೆಗೆದರೆ ಬ್ಯಾಂಕು ಕೊಡುವುದು ಎರಡೇ ದಿನದ ಬಡ್ಡಿ. ಎರಡೂ ಸರಿ. ಅಂದಿನ ಯೆಹೂದ್ಯರದ್ದು ರಜೆಯ ಲೆಕ್ಕ. ಮೊದಲ ದಿನವೂ ಸೇರುತ್ತದೆ, ಕೊನೆಯ ದಿನವೂ ಸೇರುತ್ತದೆ, ತುಂಡು ದಿನವೂ ಒಂದು ದಿನವೇ. ನಾವೇನು ಕಡಿಮೆ? ಸೋಮವಾರ ಬಂದವನಿಗೆ "ಎಂಟು ದಿನ ಬಿಟ್ಟು ಬಾ" ಎಂದರೆ ಅವನು ಬರುವುದು ಮುಂದಿನ ಸೋಮವಾರ. ಎರಡು ವಾರಕ್ಕೆ "ಹದಿನೈದು ದಿನ" ಅನ್ನುತ್ತೇವೆ. ಯೋಹಾನನ ಇಪ್ಪತ್ತನೇ ಅಧ್ಯಾಯದಲ್ಲಿ ಯೇಸು ಎಂಟು ದಿನದ ಮೇಲೆ ತೋಮನಿಗೆ ಕಾಣಿಸಿಕೊಂಡನೆಂದು ಓದಿದಾಗ ಕನ್ನಡಿಗನಿಗೆ ಅದು ಮುಂದಿನ ಭಾನುವಾರವೆಂದು ಯಾರೂ ವಿವರಿಸಬೇಕಿಲ್ಲ.

ಇದಕ್ಕೆ ವೋಚರು ಬೇಕೆನ್ನುವವರು ಮತ್ತಾಯ 27:63-64 ನೋಡಿ. ಅವನು ಮೂರು ದಿನದ ಮೇಲೆ ಏಳುತ್ತೇನೆ ಅಂದಿದ್ದಾನೆ ಎಂದು ಯಾಜಕರು ಪಿಲಾತನಿಗೆ ದೂರುತ್ತಾರೆ. ಆದರೆ ಕಾವಲು ಕೇಳುವುದು ಮೂರನೇ ದಿನದವರೆಗೆ ಮಾತ್ರ. ಅವರ ಕಿವಿಗೆ ಎರಡೂ ಒಂದೇ ಆಗಿರದಿದ್ದರೆ ನಾಲ್ಕನೇ ದಿನಕ್ಕೂ ಕಾವಲು ಕೇಳುತ್ತಿದ್ದರು.

ಇನ್ನು, ದಿನ ಶುರುವಾಗುವುದು ಯಾವಾಗ? ಇಲ್ಲಿರುವ ನಮಗೆ ಇದು ಗೊತ್ತು. ರಂಜಾನ್ ಚಂದ್ರ ಕಂಡ ಸಂಜೆಯೇ ತಿಂಗಳು ಶುರು. ಆ ರಾತ್ರಿಯೇ ತರಾವೀಹ್ ನಮಾಜು, ಉಪವಾಸ ಮರುದಿನ. ಯೆಹೂದ್ಯರ ದಿನವೂ ಸೂರ್ಯಾಸ್ತಕ್ಕೆ ಶುರುವಾಗುತ್ತದೆ. ಹಾಗಾಗಿ ಶುಕ್ರವಾರ ಸಂಜೆಯೊಳಗೆ ಸಮಾಧಿಯಾಯಿತು, ಒಂದು ದಿನ. ಅಲ್ಲಿಂದ ಶನಿವಾರ ಸೂರ್ಯಾಸ್ತದವರೆಗೆ ಸಬ್ಬತ್, ಎರಡು. ಆಮೇಲೆ ಭಾನುವಾರದ ನಸುಕು, ಮೂರು.

ಮತ್ತಾಯ 12:40ರಲ್ಲಿ ಯೋನನ ಹಾಗೆ ಮೂರು ಹಗಲು ಮೂರು ರಾತ್ರಿ ಎಂದಿದೆಯಲ್ಲ, ರಾತ್ರಿ ಎರಡೇ ತಾನೇ? ಹೌದು, ಎರಡೇ. ಬುಧವಾರದ ವಾದ ಹುಟ್ಟಿರುವುದು ಇಲ್ಲಿಂದಲೇ. ಆದರೆ ಎಸ್ತೇರಳೂ ಮೂರು ದಿನ ಹಗಲಿರುಳು ಉಪವಾಸ ಎಂದು ಸಾರಿ, ಮೂರನೇ ದಿನವೇ ಅರಸನ ಮುಂದೆ ನಿಂತಳು. ಅದು ಆ ಭಾಷೆಯ ನುಡಿಗಟ್ಟು. ಬುಧವಾರವೆಂದು ಒಪ್ಪಿದರೆ ಲೂಕ 24:21 ಕೆಡುತ್ತದೆ. ಎಮ್ಮಾವಿಗೆ ಹೊರಟವರು ಆ ಭಾನುವಾರವನ್ನು ಮೂರನೇ ದಿನ ಅನ್ನುತ್ತಾರೆ. ಅವರ ಎಣಿಕೆಯಲ್ಲಿ ಬುಧವಾರದಿಂದ ಭಾನುವಾರ ಐದನೆಯದು.

ನಿಜವಾದ ತೊಡಕು ಬೇರೆ ಕಡೆ ಇದೆ, ವಿಡಿಯೋದವರು ಅದನ್ನು ಮುಟ್ಟುವುದೇ ಕಡಿಮೆ. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಕೊನೆಯ ಭೋಜನವೇ ಪಸ್ಕದ ಊಟ. ಯೋಹಾನನಲ್ಲಿ, ದೂರು ತಂದವರು ಪಸ್ಕದ ಊಟ ಇನ್ನೂ ಮಾಡಬೇಕಿರುವುದರಿಂದ ಪಿಲಾತನ ಮನೆಯೊಳಗೆ ಕಾಲಿಡುವುದಿಲ್ಲ. ಅಂದರೆ ಅವರಿಗೆ ನೀಸಾನ್ ತಿಂಗಳ 15, ಇವನಿಗೆ 14. ನಮ್ಮ ಮಾತಿನಲ್ಲಿ ವಾರ ಒಂದೇ, ತಿಥಿ ಬೇರೆ. ಸ್ಮಾರ್ತರ ಏಕಾದಶಿ, ವೈಷ್ಣವರ ಏಕಾದಶಿ ಬೇರೆ ಬೇರೆ ದಿನ ಬೀಳುವುದನ್ನು ಕಂಡವರಿಗೆ ಅಚ್ಚರಿಯೇನಿಲ್ಲ. ಎರಡು ಪಂಚಾಂಗಗಳಿದ್ದವು ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ನನಗೆ ಅದು ಸಾಧ್ಯತೆ ಅನ್ನಿಸುತ್ತದೆ, ಸಾಬೀತಾಗಿಲ್ಲ. ಪಿಲಾತನ ಕಾಲದಲ್ಲಿ (ಕ್ರಿ.ಶ. 26ರಿಂದ 36) ನೀಸಾನ್ 14 ಶುಕ್ರವಾರ ಬಿದ್ದಿರಬಹುದಾದ ದಿನಗಳೆಂದು ಖಗೋಳ ಲೆಕ್ಕದವರು ಮುಖ್ಯವಾಗಿ 30ರ ಏಪ್ರಿಲ್ 7 ಮತ್ತು 33ರ ಏಪ್ರಿಲ್ 3 ಅನ್ನು ತೋರಿಸುತ್ತಾರೆ.

ಗಂಟೆಯೂ ಹೊಂದುವುದಿಲ್ಲ. ಮಾರ್ಕನಲ್ಲಿ ಶಿಲುಬೆಗೆ ಏರಿಸಿದ್ದು ಮೂರನೇ ತಾಸಿಗೆ, ಅಂದರೆ ಬೆಳಗ್ಗೆ ಒಂಬತ್ತು. ಯೋಹಾನನಲ್ಲಿ ಸುಮಾರು ಆರನೇ ತಾಸಿಗೆ, ಅಂದರೆ ನಡುಮಧ್ಯಾಹ್ನ, ಯೇಸು ಇನ್ನೂ ಪಿಲಾತನ ಮುಂದೆಯೇ ಇದ್ದಾನೆ. ಯೋಹಾನ ನಡುರಾತ್ರಿಯಿಂದ ತಾಸು ಎಣಿಸಿದ ಎಂದು ಕೆಲವರು ಸರಿದೂಗಿಸುತ್ತಾರೆ. ನಾನು ಒಪ್ಪುವುದಿಲ್ಲ; ಹಗಲಿಗೆ ಹನ್ನೆರಡು ತಾಸು ಎಂಬ ಮಾತು ಅದೇ ಯೋಹಾನನಲ್ಲಿದೆ. ಕೈಗಡಿಯಾರ ಇಲ್ಲದ ಕಾಲ, ಇಬ್ಬರೂ ಹೊತ್ತನ್ನು ಅಂದಾಜಿನಲ್ಲಿ ಹೇಳಿರಬಹುದು. ಆಡಿಟ್‌ನಲ್ಲಿ ವ್ಯತ್ಯಾಸ ಕಂಡರೆ ಬರೆದಿಡುತ್ತೇವೆ, ಅಳಿಸುವುದಿಲ್ಲ. ನಾಲ್ಕು ಪುಸ್ತಕಗಳು ಪೈಸೆ ಪೈಸೆಗೂ ತಾಳೆಯಾದರೆ ಒಬ್ಬನೇ ಕೂತು ಬರೆದನೇನೋ ಎಂದು ನನಗೆ ಮೊದಲು ಅನುಮಾನ ಬರುತ್ತದೆ. ಪಿಲಾತನ ತೀರ್ಪು, ಸಬ್ಬತ್ತಿನ ಹಿಂದಿನ ದಿನದ ಸಾವು, ಅರಿಮಥಾಯದ ಯೋಸೇಫನ ಕೈಯಿಂದ ಸಮಾಧಿ, ವಾರದ ಮೊದಲ ದಿನ ನಸುಕಿನಲ್ಲಿ ಹೋದ ಮಗ್ದಲದ ಮರಿಯಳು: ಇವುಗಳಲ್ಲಿ ನಾಲ್ವರಿಗೂ ಒಮ್ಮತವಿದೆ.

ಸೂರ್ಯಾಸ್ತದ ಲೆಕ್ಕ ನಮ್ಮ ಡ್ಯೂಟಿಗೂ ಒದಗುತ್ತದೆ. ಇಲ್ಲಿ ಶುಭ ಶುಕ್ರವಾರಕ್ಕೂ ಈಸ್ಟರಿಗೂ ಸರ್ಕಾರಿ ರಜೆಯಿಲ್ಲ. 2022ರಲ್ಲಿ ವಾರಾಂತ್ಯ ಶನಿವಾರ-ಭಾನುವಾರಕ್ಕೆ ಬದಲಾಗುವ ಮುಂಚೆ ಭಾನುವಾರ ಕೆಲಸದ ದಿನವಾಗಿತ್ತು. ಈಗಲೂ ಅಂಗಡಿ, ಹೋಟೆಲು, ಸೈಟುಗಳಲ್ಲಿ ಅನೇಕರಿಗೆ ಹಾಗೆಯೇ. ಶನಿವಾರ ರಾತ್ರಿಯ ಜಾಗರಣೆಯ ಪೂಜೆಗೆ ಹೋಗಿ ಬೆಳಗ್ಗೆ ಕೆಲಸಕ್ಕೆ ಹೊರಡುವವರು ಹಬ್ಬವನ್ನು ಒಂದು ದಿನ ಮುಂಚೆ ಆಚರಿಸಿದಂತಾಗುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಅದು ಭಾನುವಾರವೇ.